ಉಂಡ ಎಷ್ಟು ತಾಸಿಗೆ?

ಧಾರವಾಡದ ಮನೆಮನೆಗಳಲ್ಲಿ ಕೆಲಗೇರಿಯ ಆಪೂಸಿನ ಸೀಕರಣೆ ನಡೆಯುತ್ತಿದ್ದ ಮೇ ತಿಂಗಳಲ್ಲಿ, 13 ಕಿಲೋ ತೂಕದ ನಮ್ಮ ನಾಡನಾಯಿ ಕೆಂಪಿ ವಾಂತಿ ಮಾಡತೊಡಗಿತು. ಎರಡು ದಿನ ವಾಂತಿಯಾದರೆ ಮೂರನೆಯ ದಿನ ಚೆನ್ನಾಗಿಯೇ ಇರುತ್ತಿದ್ದುದರಿಂದ, ಬಿಸಿಲಿನ ಅಜೀರ್ಣವೆಂದು ವಾರವೊಂದನ್ನು ಕಳೆದೆವು. ಮೊದಲು ತೋರಿಸಿದ ಕಡೆ ವಾಂತಿ ನಿಲ್ಲಲೆಂದು ಮೆಟೊಕ್ಲೊಪ್ರಮೈಡ್ ಚುಚ್ಚಿದರು. ಜಠರವನ್ನು ಹಿಂಡಿ ಮುಂದಕ್ಕೆ ತಳ್ಳುವ ಆ ಔಷಧಿಯನ್ನು, ದಾರಿ ಕಟ್ಟಿರುವ ಅನುಮಾನವಿದ್ದರೆ ಕೊಡಬಾರದೆಂದು ನನಗೆ ತಿಳಿದದ್ದು ಆಮೇಲೆ.

ಹುಬ್ಬಳ್ಳಿಯ ಪಶುವೈದ್ಯರು ಹೊಟ್ಟೆ ಮುಟ್ಟುವ ಮೊದಲೇ, “ಉಂಡ ಎಷ್ಟು ತಾಸಿಗೆ ಕಾರಿಕೊಳ್ತೈತ್ರಿ?” ಎಂದು ಕೇಳಿದರು. ಬೆಳಗ್ಗೆ 8ಕ್ಕೆ ಹಾಕಿದ ಹಾಲುರೊಟ್ಟಿ ಸಂಜೆ 6ಕ್ಕೆ ರೊಟ್ಟಿಯ ಚೂರಾಗಿಯೇ ಬರುತ್ತದೆಂದು ನನ್ನ ಹೆಂಡತಿ ಹೇಳಿದಳು. (ನಾನು ವಾಂತಿ ಒರೆಸಿದ್ದೆನೇ ಹೊರತು ಗಡಿಯಾರ ನೋಡಿರಲಿಲ್ಲ.) ಎಂಟು ತಾಸಿನ ಮೇಲೂ ಅನ್ನ ಹಾಗೆಯೇ ಇದ್ದರೆ, ಜಠರದಿಂದ ಕರುಳಿಗೆ ಇಳಿಯುವ ಕಿರಿದಾದ ಬಾಯಿ, ಅಂದರೆ ಪೈಲೋರಸ್, ಕಟ್ಟಿರಬೇಕೆಂಬುದು ಅವರ ತರ್ಕ. ನಡುವಯಸ್ಸಿನ ಶಿಟ್ಸು, ಲಾಸಾ ನಾಯಿಗಳಲ್ಲಿ ಆ ಬಾಯಿಯ ಗೋಡೆ ದಪ್ಪಗಟ್ಟುವುದುಂಟು, ಬಾಕ್ಸರ್ ಮರಿಗಳಲ್ಲಿ ಹುಟ್ಟಿನಿಂದಲೇ ಕಿರಿದಾಗಿರುವುದುಂಟು, ಮುದಿ ನಾಯಿಗಳಲ್ಲಿ ಗಡ್ಡೆಯೂ ಇರಬಹುದು. ಮೂರು ವರ್ಷದ ನಾಡನಾಯಿ ಏನನ್ನೋ ನುಂಗಿರುವ ಸಂಭವವೇ ಹೆಚ್ಚು.

ಎಕ್ಸ್‌ರೇಯಲ್ಲಿ ಉಬ್ಬಿದ ಜಠರ ಕಂಡಿತೇ ಹೊರತು ಬೇರೇನೂ ಕಾಣಲಿಲ್ಲ. ನುಂಗಿದ್ದು ಮಾವಿನ ಗೊರಟೆಯಾದರೆ, ಅದು ಎಲುಬು, ನಾಣ್ಯಗಳಂತೆ ಎಕ್ಸ್‌ರೇಯಲ್ಲಿ ಎದ್ದು ತೋರುವುದಿಲ್ಲ. ಸ್ಕ್ಯಾನಿಂಗ್‌ನಲ್ಲಿ ಮಾತ್ರ ಬಿಲ್ಲಿನಂಥ ಬೆಳ್ಳಗಿನ ಅಂಚು, ಅದರ ಹಿಂದೆ ಕಪ್ಪು ನೆರಳು ಮೂಡಿತು. ಗೊರಟೆ ಪೈಲೋರಸ್ಸಿಗೆ ಬಂದು ಕುಳಿತಾಗ ವಾಂತಿ, ಹಿಂದಕ್ಕೆ ಸರಿದಾಗ ಹಸಿವು.

ಆದರೂ ಆಪರೇಷನ್ ಅಂದೇ ಆಗಲಿಲ್ಲ. ಜಠರದ ಆಮ್ಲವೇ ಹೊರಹೋಗಿ ರಕ್ತದಲ್ಲಿ ಕ್ಲೋರೈಡ್, ಪೊಟ್ಯಾಸಿಯಂ ಎರಡೂ ಕುಸಿದು, ರಕ್ತ ಕ್ಷಾರದ ಕಡೆಗೆ ವಾಲಿತ್ತು. ಆ ಸ್ಥಿತಿಯಲ್ಲಿ ಅರಿವಳಿಕೆ ಕೊಟ್ಟರೆ ಹೃದಯದ ಲಯ ತಪ್ಪಬಹುದು. ವಾಂತಿಯ ನಾಯಿಗೆ ಸಾಮಾನ್ಯವಾಗಿ ಏರಿಸುವ ರಿಂಗರ್ ಲ್ಯಾಕ್ಟೇಟ್ ಬಿಟ್ಟು, ಕ್ಲೋರೈಡ್ ಹೆಚ್ಚಿರುವ 0.9 ಪ್ರತಿಶತ ಸಲೈನಿಗೆ ಪೊಟ್ಯಾಸಿಯಂ ಬೆರೆಸಿ, ರಾತ್ರಿಯಿಡೀ ಹನಿಹನಿಯಾಗಿ ಇಳಿಸಿದರು. ಪೊಟ್ಯಾಸಿಯಂ ವೇಗವಾಗಿ ಹೋದರೆ ಅದರಿಂದಲೇ ಹೃದಯ ನಿಂತೀತು. ನನ್ನ ಮಟ್ಟಿಗೆ ನಿಜವಾದ ಚಿಕಿತ್ಸೆ ಆ ರಾತ್ರಿಯದೇ.

ಮರುದಿನ ಜಠರ ಕೊಯ್ದು ಗೊರಟೆ ತೆಗೆದರು. ಬಳಿಕ ಪೈಲೋರಸ್ಸನ್ನು ಬೆರಳಿನಿಂದ ಹಿಚುಕಿ ನೋಡಿದರು. ಗೋಡೆ ದಪ್ಪಗಿದ್ದಿದ್ದರೆ ಅದನ್ನೂ ಸೀಳಿ ಅಗಲ ಮಾಡಬೇಕಿತ್ತಂತೆ, ಅದರ ಅಗತ್ಯ ಬೀಳಲಿಲ್ಲ. ಮರುದಿನದಿಂದ ತೆಳು ಗಂಜಿಯನ್ನು ದಿನಕ್ಕೆ ನಾಲ್ಕು ಸಲ ಕೊಟ್ಟೆವು, ಪ್ರತಿ ಸಲದ ಹೊತ್ತನ್ನೂ ಕ್ಯಾಲೆಂಡರಿನ ಹಾಳೆಯ ಮೇಲೆ ನಾನೇ ಬರೆದಿಟ್ಟೆ.