ಎರಡು ಚೀಲ ಕಾಯಿಪಲ್ಲೆ

ಮೊನ್ನೆ ಸ್ವಲ್ಪ ಆರಾಮ ಅನಿಸಿತು ಅಂತ ಧಾರವಾಡದ ಸೂಪರ್ ಮಾರ್ಕೆಟ್‌ಗೆ ಹೋಗಿ ಎರಡು ಚೀಲ ಕಾಯಿಪಲ್ಲೆ ಹೊತ್ತು ತಂದೆ. ನಿನ್ನೆಯಿಂದ ಹಾಸಿಗೆ ಬಿಟ್ಟು ಎದ್ದಿಲ್ಲ. ಚಿಕೂನ್‌ಗುನ್ಯಾ ಬಂದು ವರ್ಷವಾಯಿತು. ಜ್ವರ ಹೋಯಿತು, ಸುಸ್ತು ಉಳಿಯಿತು. ರಕ್ತದ ರಿಪೋರ್ಟ್ ಎಲ್ಲಾ ನಾರ್ಮಲ್!

ಡಾಕ್ಟರು ಎಂಇ/ಸಿಎಫ್‌ಎಸ್, ಅಂದರೆ ಮಲಗಿ ಎದ್ದರೂ ಹೋಗದ ದೀರ್ಘಕಾಲದ ಸುಸ್ತಿನ ಕಾಯಿಲೆ ಇರಬಹುದು ಎಂದರು. ಇದರಲ್ಲಿ ದಣಿದ ದಿನಕ್ಕಿಂತ ಮಾರನೇ ದಿನವೇ ಹೊಡೆತ ಜಾಸ್ತಿ. ಕಾಕಾ ಮಾತ್ರ, "ಸುಮ್ನೆ ಮಲಗಬ್ಯಾಡ, ದಿನಾ ಕೆಲಗೇರಿ ಕೆರೀ ತನಕ ನಡಿ" ಅಂತಿದ್ದರು. ವ್ಯಾಯಾಮ ಹಂತಹಂತವಾಗಿ ಹೆಚ್ಚಿಸುವ ಚಿಕಿತ್ಸೆ ಇದಕ್ಕೆ ಬೇಡ ಎಂದು ಬ್ರಿಟನ್ನಿನಲ್ಲಿ ಚಿಕಿತ್ಸೆಗಳ ಮಾರ್ಗಸೂಚಿ ಕೊಡುವ ನೈಸ್ ಸಂಸ್ಥೆ 2021ರಲ್ಲೇ ಹೇಳಿದೆ ಅಂದೆ.

"ಹೌದೇನು? ಹಂಗಾರ ಕಾಯಿಪಲ್ಲೆ ನಾ ತರ್ತೀನಿ ಬಿಡು."

ಅವರಿಗೆ ಬದನೆಕಾಯಿ ಆರಿಸೋಕೆ ಬರೋದಿಲ್ಲ, ಅದೊಂದೇ ಚಿಂತೆ.