ಹಳೇ ಡೀಸೆಲ್ ಜೀಪು: ಫಿಲ್ಟರ್ ಕಟ್ಟಿದೆಯೋ, ಏರ್ ಹಿಡಿದಿದೆಯೋ?

ತೀರ್ಥಹಳ್ಳಿ, ಹೊಸನಗರದ ಕಡೆ ತೋಟದ ಕೆಲಸಕ್ಕೆ ಇನ್ನೂ ಓಡುವ ಹಳೇ ಡೀಸೆಲ್ ಜೀಪು ಕೈಕೊಟ್ಟರೆ ಮೊದಲು ಬೈಸಿಕೊಳ್ಳುವುದು ಎಂಜಿನ್ನಿಗೆ ಒತ್ತಡದಲ್ಲಿ ಡೀಸೆಲ್ ಕೊಡುವ ಮೇನ್ ಪಂಪು. ಬಹಳ ಸಲ ಅದರ ತಪ್ಪೇ ಇರುವುದಿಲ್ಲ.

ಖಾಲಿ ಇದ್ದಾಗ ಚೆನ್ನಾಗಿ ಓಡಿ, ಗೊಬ್ಬರದ ಮೂಟೆ ಹೇರಿಕೊಂಡು ಹುಲಿಕಲ್ ಘಾಟಿ ಹತ್ತುವಾಗ ಎಳೆಯದೆ, ಸ್ವಲ್ಪ ಹೊತ್ತು ನಿಲ್ಲಿಸಿದ ಮೇಲೆ ಮತ್ತೆ ಎಳೆದರೆ ಎಲ್ಲೋ ಕಟ್ಟಿದೆ ಎಂದರ್ಥ. ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ. ಸುಯ್ಯೆಂದು ಗಾಳಿ ಒಳಗೆ ಎಳೆದುಕೊಂಡರೆ ಮುಚ್ಚಳದ ಗಾಳಿತೂತು ಕೆಸರಿಗೆ ಮುಚ್ಚಿಹೋಗಿದೆ. ಫಿಲ್ಟರಿಗೆ ದುಡ್ಡು ಹಾಕುವ ಮೊದಲು ಅದನ್ನು ಬಿಡಿಸಿ. ಟ್ಯಾಂಕಿನಿಂದ ಡೀಸೆಲ್ ಎಳೆದು ಮೇನ್ ಪಂಪಿನ ಕಡೆ ಕಳಿಸುವ ಫೀಡ್ ಪಂಪಿನ ಬಾಯಲ್ಲಿರುವ ಸಣ್ಣ ಜಾಲರಿಯನ್ನೂ ಡೀಸೆಲಿನಲ್ಲಿ ತೊಳೆಯಿರಿ. ಇದನ್ನು ಮರೆಯುವವರೇ ಹೆಚ್ಚು.

ರಾತ್ರಿ ನಿಂತ ಜೀಪು ಬೆಳಿಗ್ಗೆ ಸ್ಟಾರ್ಟ್ ಆಗದೆ, ಪ್ರೈಮರ್ (ಡೀಸೆಲ್ ಎಳೆಯುವ ಕೈಪಂಪು) ಹೊಡೆದ ಕೂಡಲೇ ಸ್ಟಾರ್ಟ್ ಆದರೆ ಏರ್ ಹಿಡಿದಿದೆ, ಅಂದರೆ ಡೀಸೆಲ್ ಲೈನಿನೊಳಗೆ ಗಾಳಿ ಸೇರಿದೆ. ನೋಡಬೇಕಾದ್ದು ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ ಡೀಸೆಲನ್ನು ಎಳೆಯುವ ಲೈನನ್ನು. ಅಲ್ಲಿ ಪೈಪು ಸೀಳಿದ್ದರೆ ಎಂಜಿನ್ ಓಡುವಾಗ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಣಗಿದ ಪೈಪು ನೋಡಿ ಲೀಕಿಲ್ಲ ಎನ್ನಬೇಡಿ. ಫೀಡ್ ಪಂಪಿನ ಮುಂಚೆ ಒಂದಡಿ ಪಾರದರ್ಶಕ ಪೈಪು ಹಾಕಿ ಓಡಿಸಿದರೆ ಗುಳ್ಳೆ ಕಣ್ಣಿಗೇ ಕಾಣುತ್ತದೆ. ಜಾಯಿಂಟಿನ ತಾಮ್ರದ ವಾಷರ್ ಬಿಚ್ಚಿದಾಗಲೆಲ್ಲ ಹೊಸದು ಹಾಕಿ. ಟೆಫ್ಲಾನ್ ಟೇಪ್ ಸುತ್ತಲೇಬೇಡಿ, ಅದರ ಚೂರು ಪಂಪಿನೊಳಗೆ ಹೋಗುತ್ತದೆ.

ಮಲೆನಾಡಿನಲ್ಲಿ ದೊಡ್ಡ ಕಾಟ ನೀರು. ಅರ್ಧ ಖಾಲಿ ಟ್ಯಾಂಕಿನೊಳಗೆ ಥಂಡಿಗೆ ಬೆವರು ಕಟ್ಟುವುದು ನಿಜ, ಆದರೆ ನನ್ನ ಲೆಕ್ಕದಲ್ಲಿ ಹೆಚ್ಚಿನ ನೀರು ಬರುವುದು ಡೀಸೆಲ್ ತಂದು ಸುರಿಯುವ ಕ್ಯಾನಿನಿಂದ, ಸಡಿಲ ಮುಚ್ಚಳದಿಂದ. ಜಾಲರಿ ಕಸ ತಡೆಯುತ್ತದೆ, ನೀರನ್ನಲ್ಲ. ಹಾಗಾಗಿ ಕ್ಯಾನಿನ ತಳದ ಎರಡು ಇಂಚು ಡೀಸೆಲ್ ಸುರಿಯದೆ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ, ಬೆಳಿಗ್ಗೆ ಜೀಪು ಅಲುಗಾಡಿಸುವ ಮೊದಲೇ, ಫಿಲ್ಟರಿನ ತಳದ ಪ್ಲಗ್ ಸಡಿಲಿಸಿ ಕಾಲು ಲೀಟರ್ ಗಾಜಿನ ಬಾಟಲಿಗೆ ಬಿಡಿ. ಹತ್ತು ನಿಮಿಷದಲ್ಲಿ ನೀರು ತಳಕ್ಕೆ ಕೂರುತ್ತದೆ. ಕಪ್ಪು ಲೋಳೆ ಬಂದರೆ ಟ್ಯಾಂಕಿನಲ್ಲಿ ನೀರು ನಿಂತು ಸೂಕ್ಷ್ಮಜೀವಿ ಬೆಳೆದಿದೆ. ಟ್ಯಾಂಕು ಇಳಿಸಿ ತೊಳೆಯದೆ ಹೊಸ ಫಿಲ್ಟರ್ ಹಾಕಿದರೆ ಅದೂ ಬೇಗ ಕಟ್ಟುತ್ತದೆ.

ಪೇಪರ್ ಫಿಲ್ಟರನ್ನು ತೊಳೆದು ಮತ್ತೆ ಹಾಕಬಾರದು. ಹೊಸದು ಹಾಕುವಾಗ ಹಳೇ ರಬ್ಬರ್ ರಿಂಗ್ ಫಿಲ್ಟರ್ ಕೂರುವ ಜಾಗದಲ್ಲೇ ಅಂಟಿಕೊಂಡಿದೆಯೇ ನೋಡಿ, ಎರಡು ರಿಂಗ್ ಕೂತರೆ ಅಲ್ಲೇ ಲೀಕು. ಆಮೇಲೆ ಏರ್ ತೆಗೆಯುವ ಕೆಲಸ. ಫಿಲ್ಟರ್ ಮೇಲಿನ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಪ್ರೈಮರ್ ಹೊಡೆಯಿರಿ. ಡೀಸೆಲ್ ಹರಿಯುತ್ತಿರುವಾಗಲೇ ಬಿಗಿ ಮಾಡಿ. ಮುಂದೆ ಮೇನ್ ಪಂಪಿನ ಸ್ಕ್ರೂನಲ್ಲೂ ಹೀಗೆಯೇ. ಆದರೂ ಸ್ಟಾರ್ಟ್ ಆಗದಿದ್ದರೆ ಇಂಜೆಕ್ಟರ್ (ಎಂಜಿನ್ನಿನೊಳಗೆ ಡೀಸೆಲ್ ಚಿಮ್ಮಿಸುವ ಭಾಗ) ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಚಿಮ್ಮುವ ಜಾಗಕ್ಕೆ ಕೈ ಒಡ್ಡಬೇಡಿ, ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಡಯಾಫ್ರಮ್ (ಬಗ್ಗುವ ತೆಳು ಪೊರೆ) ಇರುವ ಫೀಡ್ ಪಂಪಾದರೆ ಎಂಜಿನ್ ಆಯಿಲ್ ಕಡ್ಡಿಯನ್ನೂ ನೋಡಿ. ಆಯಿಲ್ ಮಟ್ಟ ಏರಿ ಡೀಸೆಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿರಬಹುದು. ಜೀಪನ್ನು ಅಲ್ಲೇ ನಿಲ್ಲಿಸಿ. ತೆಳುವಾದ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ಹೋಗುತ್ತದೆ. ಮೇನ್ ಪಂಪನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಅದರೊಳಗೆ ಡೀಸೆಲ್ ಒತ್ತುವ ಪ್ಲಂಜರಿನ ಸಂದು ಕೆಲವೇ ಮೈಕ್ರಾನ್, ಟೆಸ್ಟ್ ಬೆಂಚ್ ಇರುವ ಪಂಪ್ ರಿಪೇರಿಯವರಿಗೇ ಕೊಡಿ.