ನಮ್ಮ ಭಾಷೇಲಿ ವಯಲಿನ್‌ಗೆ ಚೌಡಯ್ಯ ಅಂತಾರಂತೆ

ಹೋದ ಗುರುವಾರ ಸಂಜೆ ವಯಲಿನ್ ಪಾಠದಿಂದ ಮಗಳನ್ನ ಕರ್ಕೊಂಡ್ ಬರೋಣ ಅಂತ ಕೆಳಗಿನ ಮನೆಗೆ ಹೋದೆ, ಬಾಗಿಲು ತೆಗೆದ ಅಜ್ಜಿ "ಇವತ್ತು ನಿಮ್ಮ ಮಗಳು ಚೌಡಯ್ಯನ್ನ ಎಷ್ಟು ಚೆನ್ನಾಗಿ ನುಡಿಸಿದ್ಲು ಗೊತ್ತಾ" ಅಂದ್ರು. ಮ್ಯೂನಿಕ್‌ನಲ್ಲಿ, ಜರ್ಮನ್ ಬಾಯಲ್ಲಿ, ಆ ಹೆಸರು! ವಿಚಾರಿಸಿದ್ರೆ, ನಿಮ್ಮ ಭಾಷೇಲಿ ವಯಲಿನ್‌ಗೆ ಏನಂತೀರ ಅಂತ ಅವ್ರು ಕೇಳಿದ್ದಾರೆ, ನಮ್ಮ ಎಂಟು ವರ್ಷದ ಪುಟ್ಟಿ ಒಂಚೂರೂ ಅನುಮಾನ ಇಲ್ದೆ "ಚೌಡಯ್ಯ" ಅಂದಿದ್ದಾಳೆ.

ಅವಳ ತಪ್ಪಲ್ಲ. ರಜೇಲಿ ಬೆಂಗಳೂರಿಗೆ ಬಂದಾಗ ಅಕ್ಕನ ಮಗಳ ಡಾನ್ಸ್ ಪ್ರೋಗ್ರಾಂ ಇತ್ತು, ವೈಯಾಲಿಕಾವಲ್‌ನಲ್ಲಿ ಆಟೋ ಇಳೀತಾ "ನೋಡು ಪುಟ್ಟಿ, ಇದೇ ಚೌಡಯ್ಯ" ಅಂತ ನಾನೇ ತೋರಿಸಿದ್ದೆ. ಎದುರಿಗೆ ಪೂರ್ತಿ ವಯಲಿನ್ ಆಕಾರದ ಕಟ್ಟಡ, ತಂತಿ, ಬಿರಡೆ, ಕುದುರೆ, ಕಮಾನು ಸಮೇತ. ಮಗು ಇನ್ನೇನು ಅಂದ್ಕೋಬೇಕು? "ಹಾಗಾದ್ರೆ ಅದು ಮನುಷ್ಯರ ಹೆಸರಾ ಅಮ್ಮ?" ಅಂತ ಮೆಟ್ಟಿಲು ಹತ್ತುವಾಗ ಕೇಳಿದ್ಲು ನೋಡಿ, ಅದು ನನ್ನ ಎದೆಗೆ ನಾಟ್ತು. ವಯಲಿನ್ ವಿದ್ವಾಂಸ ಟಿ. ಚೌಡಯ್ಯನವರ ನೆನಪಿಗೆ ಆ ಹಾಲ್ ಆಗಿದ್ದು 1980ರಲ್ಲಿ. ನಾನು ಸ್ಕೂಲ್ ಡೇಯಿಂದ ಹಿಡ್ದು ಎಷ್ಟು ಸಲ ಒಳಗೆ ಹೋಗಿ ಬಂದಿದೀನೋ, ಆದ್ರೆ ಆ ಮನುಷ್ಯ ನುಡಿಸಿದ್ದನ್ನ ಒಂದು ಸಲಾನೂ ಕೂತು ಕೇಳಿರ್ಲಿಲ್ಲ. ಅದೂ ನನ್ನ ಅಜ್ಜನ ಊರು ಟಿ. ನರಸೀಪುರ, ಅವ್ರು ಹುಟ್ಟಿದ ತಿರುಮಕೂಡಲು ಅಲ್ಲೇ, ಕಾವೇರಿ ಕಪಿಲೆ ಸೇರೋ ಜಾಗ, ಚಿಕ್ಕವಳಿದ್ದಾಗ ಸ್ನಾನ ಮಾಡಿದ ನೀರು. ತಮ್ಮ ಕೃತಿಗಳಿಗೆ ಅವ್ರು ಇಟ್ಕೊಂಡಿದ್ದ ಅಂಕಿತವೂ ತ್ರಿಮಕುಟ ಅಂತ, ಅಂದ್ರೆ ಊರನ್ನೇ ಹಾಡಿನೊಳಗೆ ಸೇರಿಸ್ಕೊಂಡಿದ್ರು.

ಪುಟ್ಟಿ ಕ್ಲಾಸಿನ ಮಕ್ಕಳನ್ನ ಇಲ್ಲಿ ಆಗ್ಸ್‌ಬರ್ಗ್‌ಗೆ ಕರ್ಕೊಂಡು ಹೋಗಿದ್ರು, ಮೊಜಾರ್ಟ್‌ನ ಅಪ್ಪ ಹುಟ್ಟಿದ ಮನೆ ಅಲ್ಲಿ ಮ್ಯೂಸಿಯಂ ಆಗಿದೆ. ಮಗ ಹುಟ್ಟಿದ ವರ್ಷವೇ, 1756ರಲ್ಲಿ, ಆತ ವಯಲಿನ್ ಕಲಿಸೋ ಪುಸ್ತಕ ಬರೆದು ಅಚ್ಚು ಹಾಕ್ಸಿದ್ದು ಅಂತ ಮನೆಗೆ ಬಂದು ಪಟಪಟ ಹೇಳಿದ್ಲು. ಇಲ್ಲಿ ಮಕ್ಕಳಿಗೆ ಮನುಷ್ಯನನ್ನೂ ತೋರಿಸ್ತಾರೆ. ನಾವು ದೊಡ್ಡದಾಗಿ ಹೆಸರು ಇಟ್ಟು ಅಷ್ಟಕ್ಕೇ ಬಿಟ್ಬಿಡ್ತೀವಿ, ಅಡ್ರೆಸ್ ಉಳ್ಕೊಳತ್ತೆ, ಆಸಾಮಿ ಮರ್ತೋಗ್ತಾರೆ.

ಅವತ್ತು ರಾತ್ರಿ ಫೋನಲ್ಲಿ ಚೌಡಯ್ಯನವರ ಹಳೇ ರೆಕಾರ್ಡಿಂಗ್ ಹುಡ್ಕಿ ಪುಟ್ಟಿ ಜೊತೆ ಮತ್ತೆ ಕೆಳಗೆ ಹೋದೆ. ಅಜ್ಜಿ ಮೂವತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಸೆಕೆಂಡ್ ವಯಲಿನ್ ನುಡಿಸಿದವ್ರು, ಎಡಗಡೆ ದವಡೆ ಕೆಳಗೆ ಆ ಕಂದು ಗುರುತು ಇನ್ನೂ ಇದೆ. ಕನ್ನಡಕ ಹಾಕ್ಕೊಂಡು ಮೊದಲು ಫೋಟೋ ನೋಡಿದ್ರು. ನೆಲದ ಮೇಲೆ ಕೂತು, ವಯಲಿನ್‌ನ ತುದಿ ಬಲಗಾಲಿನ ಪಾದದ ಮೇಲೆ ಊರಿರೋದು ನೋಡಿ, ಹೀಗಿದ್ರೆ ಎಡಗೈ ವಾದ್ಯ ಹಿಡಿಯೋ ಕೆಲಸವೇ ಇಲ್ವಲ್ಲ, ಎಷ್ಟು ಬೇಕಾದ್ರೂ ಜಾರಬಹುದು ಅಂದ್ರು, ಸ್ವರದಿಂದ ಸ್ವರಕ್ಕೆ ಜಾರೋ ನಮ್ಮ ಗಮಕದ ಗುಟ್ಟನ್ನ ಫೋಟೋದಲ್ಲೇ ಹಿಡ್ಕೊಂಡ್ಬಿಟ್ರು. ಆಮೇಲೆ ಬೆರಳಿಟ್ಟು ತಂತಿ ಎಣಿಸಿದ್ರು. ಇನ್ನೊಂದ್ಸಲ ಎಣಿಸಿದ್ರು. ಏಳು!

ನಂಗೆ ಗೊತ್ತಿದ್ದಷ್ಟು ಹೇಳಿದೆ. ಗಾಯಕ ಬಿಡಾರಂ ಕೃಷ್ಣಪ್ಪನವರ ಹತ್ರ ವರ್ಷಗಟ್ಟಲೆ ಗುರುಕುಲದಲ್ಲಿದ್ದು ಕಲ್ತಿದ್ದು, ಅರಿಯಾಕುಡಿ, ಚೆಂಬೈ ಅಂಥ ದೊಡ್ಡ ಗಾಯಕರಿಗೆಲ್ಲ ಪಕ್ಕವಾದ್ಯ ನುಡಿಸಿದ್ದು, 1957ರಲ್ಲಿ ಮದ್ರಾಸ್ ಮ್ಯೂಸಿಕ್ ಅಕಾಡೆಮಿಯ ಸಂಗೀತ ಕಲಾನಿಧಿ ಬಿರುದು ಬಂದಿದ್ದು, 1967ರಲ್ಲಿ ತೀರ್ಕೊಂಡಿದ್ದು. ಆಗ ಮೈಕ್ ಇರ್ಲಿಲ್ಲ, ಪಿಟೀಲಿನ ನಾದ ಹಿಂದೆ ಕೂತವ್ರ ತನಕ ಹೋಗ್ತಿರ್ಲಿಲ್ಲ, ಅದಕ್ಕೇ ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿದ್ರು, ಒಂದೇ ಕಮಾನಿಗೆ ಎರಡು ಸ್ಥಾಯಿ ಒಟ್ಟಿಗೆ ಮಿಡಿಯೋ ಹಾಗೆ. ಆ ಜೋಡಿ ತಂತಿ ಕೂದಲೆಳೆ ಆಚೀಚೆ ಆದ್ರೂ ಅಪಸ್ವರ, ಎರಡನ್ನೂ ಒಂದೇ ಬೆರಳಲ್ಲಿ ಒತ್ತಿ ಸರಿಯಾಗಿ ನುಡಿಸ್ಬೇಕು.

ಅಜ್ಜಿ ಸುಮಾರು ಹೊತ್ತು ಕಣ್ಮುಚ್ಚಿ ಕೇಳಿದ್ರು. "ನಮ್ಮಲ್ಲಿ ಸದ್ದು ಸಾಲದಿದ್ರೆ ಇನ್ನೊಂದಷ್ಟು ಜನರನ್ನ ಕೂರಿಸ್ತೀವಿ, ಇವ್ರು ಒಬ್ಬರೇ ಅಷ್ಟೂ ಜನ ಆಗೋಕೆ ನೋಡಿದ್ದಾರೆ. ಕೊನೇ ಸಾಲಿನವ್ರಿಗೆ ಕೇಳಿಸ್ತಂತಾ?" ಅಂದ್ರು.

ಅದೇ ಪ್ರಶ್ನೆ ತಲೇಲಿ ಇಟ್ಕೊಂಡು ಭಾನುವಾರ ಅಮ್ಮನಿಗೆ ಫೋನ್ ಮಾಡ್ದೆ. ಅಮ್ಮ ಏನೂ ದೊಡ್ಡ ವಿಷಯ ಅಲ್ಲ ಅನ್ನೋ ಹಾಗೆ, "ಅಯ್ಯೋ, ನಿಮ್ಮಜ್ಜ ಹುಡುಗರಾಗಿದ್ದಾಗ ಮೈಸೂರಲ್ಲಿ ರಾಮನವಮಿ ಕಚೇರಿಗೆ ಹೋಗಿದ್ರಂತೆ ಕಣೆ, ಒಳಗೆ ಕಾಲಿಡೋಕೂ ಜಾಗ ಇಲ್ಲ, ಚಪ್ಪರದ ಆಚೆ ರಸ್ತೇಲಿ ನಿಂತ್ಕೊಂಡೇ ಕೇಳಿದ್ರಂತೆ, ಪಿಟೀಲು ಚೌಡಯ್ಯಂದು, ಸಾಯೋ ತನಕ ಹೇಳ್ತಿದ್ರು" ಅಂದ್ಲು. ಪಿಟೀಲು ಚೌಡಯ್ಯ. ಅಮ್ಮನ ಬಾಯಲ್ಲಿ ಎರಡೂ ಸೇರಿ ಒಂದೇ ಮಾತು. ಅಜ್ಜ ಹೋಗಿ ಹದಿನೆಂಟು ವರ್ಷ, ಇದನ್ನ ಅವರ ಬಾಯಿಂದಲೇ ಕೇಳ್ಬೋದಿತ್ತು, ಪ್ರತಿ ಬೇಸಿಗೇಲೂ ಅದೇ ಜಗಲಿ ಮೇಲೆ ಪಕ್ಕದಲ್ಲೇ ಮಲಗ್ತಿದ್ದೆ.

ಈ ಗುರುವಾರ ಕೆಳಗೆ ಹೋಗಿ ಅಜ್ಜಿಗೆ ಹೇಳ್ದೆ, ಕೇಳಿಸ್ತಂತೆ, ರಸ್ತೆ ತನಕ ಕೇಳಿಸ್ತಂತೆ ಅಂತ. ಅವ್ರು ಪುಟ್ಟಿಯ ಪುಟ್ಟ ವಯಲಿನ್ ತಗೊಂಡು ಶ್ರುತಿ ಮಾಡ್ತಾ ಇದ್ದವ್ರು ಕೈ ನಿಲ್ಸಿ, ಯಾವ ರಸ್ತೆ ಅಂತ ಕೇಳಿದ್ರು.